ಬೈಪಾಸ್ ಆಗಿ ಐದನೇ ವಾರ: ಹೆಂಡತಿ ಹೇಳಿಕೊಂಡ ಉರುಳು ಸೇವೆ ಈಗ ಯಾರು ಮಾಡುವುದು?

ಪಾಸ್‌ಬುಕ್ | ಮಂಗಳೂರು | ಜುಲೈ 19, ರಾತ್ರಿ 2.50

ನಿದ್ದೆ ಬರ್ತಾ ಇಲ್ಲ. ಅಂಗಾತ ಮಲಗಿದರೆ ಎದೆಮೂಳೆ ಎಳೆದ ಹಾಗಾಗುತ್ತದೆ, ಅದಕ್ಕೇ ಈಸಿಚೇರಿನಲ್ಲಿ ಒರಗಿ ಮೊಬೈಲ್ ಒತ್ತುತ್ತಿದ್ದೇನೆ. ಹೊರಗೆ ಆಟಿ ತಿಂಗಳ ಮಳೆ, ಒಳಗೆ ಹೆಂಡತಿಯ ಗೊರಕೆ. ಎರಡೂ ಒಂದೇ ಹದದಲ್ಲಿ ನಡೀತಾ ಉಂಟು.

ಜೂನ್ 14ಕ್ಕೆ ಆಪರೇಷನ್ ಆಯಿತು. ವಯಸ್ಸು 61, ಬ್ಯಾಂಕಿನಲ್ಲಿ 34 ವರ್ಷ ದುಡಿದು ಹೊರಬಂದವನು. ಮೂರು ಕಡೆ ಬ್ಲಾಕ್. ಎದೆಯೊಳಗಿನ ಒಂದು ರಕ್ತನಾಳ, ಎಡಗಾಲಿನಿಂದ ತೆಗೆದ ಇನ್ನೊಂದು, ಹೀಗೆ ಮನೆಯೊಳಗಿನ ಪೈಪನ್ನೇ ಕಿತ್ತು ಮನೆಗೇ ಹಾಕಿದ ಹಾಗೆ ಹೊಸ ದಾರಿ ಮಾಡಿಕೊಟ್ಟಿದ್ದಾರೆ. ಎದೆಮೂಳೆಯನ್ನು ಮೇಲಿಂದ ಕೆಳಗೆ ಗರಗಸದಲ್ಲಿ ಸೀಳಿ, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಲ್ಲಿ ಬಿಗಿದಿದ್ದಾರೆ. ಆ ತಂತಿ ಇನ್ನು ಕೊನೆಯವರೆಗೂ ನನ್ನ ಜತೆಗೇ.

ನಾನು ಕೇಳಬೇಕೆಂದಿದ್ದದ್ದು ಬೇರೆ. ನನ್ನನ್ನು ಥಿಯೇಟರಿಗೆ ಒಯ್ದ ಮೇಲೆ ಹೊರಗೆ ಐದೂವರೆ ಗಂಟೆ ಕೂತ ಹೆಂಡತಿ ನಮ್ಮೂರ ದೇವಸ್ಥಾನಕ್ಕೆ ಹರಕೆ ಹೇಳಿಕೊಂಡಿದ್ದಾಳೆ. ಹೇಳಿಕೊಂಡದ್ದು ಏನು? "ಇವರು ಎದ್ದು ಬಂದರೆ ಇವರ ಕೈಯಿಂದಲೇ ಉರುಳು ಸೇವೆ ಮಾಡಿಸುತ್ತೇನೆ" ಅಂತ! ಒಳಗೆ ಆ ಹೊತ್ತಿಗೆ ನನ್ನ ಎದೆ ಎರಡು ಭಾಗ ಆಗಿದೆ, ಹೊರಗೆ ಇವಳು ನನ್ನನ್ನು ಕಲ್ಲಿನ ಅಂಗಣದಲ್ಲಿ ಉರುಳಿಸುವ ಲೆಕ್ಕ ಹಾಕುತ್ತಿದ್ದಾಳೆ. ಐದು ಕೆಜಿ ಕೂಡ ಎತ್ತಬೇಡಿ, ಕೈ ಊರಿ ಏಳಬೇಡಿ ಅಂತ ಡಾಕ್ಟರು ಹೇಳಿ ಕಳಿಸಿದ್ದಾರೆ. ಮೊನ್ನೆ ಅವಳಿಗೆ ಇದು ಹೊಳೆದು ಅಳು ಶುರು. ಹರಕೆ ಬಾಕಿ ಇದ್ದರೆ ಮೂಳೆ ಕೂಡುವುದಿಲ್ಲವೋ ಅಂತ ಅವಳ ಹೆದರಿಕೆ.

ನಾನು ದೊಡ್ಡ ದೈವಭಕ್ತ ಏನಲ್ಲ, ಸಂಕ್ರಾಂತಿಗೊಮ್ಮೆ ಕೈಮುಗಿಯುವವನು. ಆದರೆ ಅವಳನ್ನು ನೋಡಿ ಸುಮ್ಮನಿರಲಿಕ್ಕೂ ಆಗುವುದಿಲ್ಲ. ಹೇಳಿಕೊಂಡ ಸೇವೆಯನ್ನು ಬದಲಾಯಿಸಬಹುದಾ? ಯಾರಿಗಾದರೂ ಹೀಗೆ ಆಗಿದೆಯಾ? ಹಾಗೆಯೇ, ಆಸ್ಪತ್ರೆಯ ಆ ದಿನಗಳನ್ನು ನೀವೆಲ್ಲ ಹೇಗೆ ದಾಟಿದಿರಿ ಅಂತಲೂ ಬರೆಯಿರಿ. ನನಗೆ ಬೆಳಗಾಗುವವರೆಗೆ ಓದಲಿಕ್ಕೆ ಏನಾದರೂ ಬೇಕು.


ಒಂದೆಲಗ | ಉಡುಪಿ | ಜುಲೈ 19, ಬೆಳಿಗ್ಗೆ 6.10

ಸರ್, ಮೊದಲು ನಿಮ್ಮ ಮನೆಯವರಿಗೆ ಹೇಳಿ, ಮುಡಿಪು ಕಟ್ಟಿಡಿ ಅಂತ. ಶುಭ್ರವಾದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದೆ ಇಟ್ಟು, "ಮರೆತಿಲ್ಲ, ಮೈ ಕೂಡಿ ಬಂದ ಮೇಲೆ ಒಪ್ಪಿಸುತ್ತೇವೆ" ಅಂದರೆ ಆಯಿತು. ನಮ್ಮ ಅಜ್ಜಿ ಕಾಲದಿಂದ ಇದ್ದದ್ದೇ. ಹರಕೆಯ ಯಕ್ಷಗಾನ ಆಟ ಹೇಳಿಕೊಂಡು ಸರದಿ ಬರಲಿಕ್ಕೆ ವರ್ಷಗಟ್ಟಲೆ ಕಾಯುವವರು ಕಟೀಲು ದೇವಸ್ಥಾನದಲ್ಲಿ ಎಷ್ಟು ಮಂದಿ ಇಲ್ಲ? ಅಮ್ಮನವರು ಅವರ ಮೇಲೆ ಸಿಟ್ಟಾಗಿದ್ದಾರಾ?

ಇನ್ನು ಆಸ್ಪತ್ರೆ ದಾಟಿದ ಕತೆ. ನನ್ನದು ಗರ್ಭಕೋಶ ತೆಗೆದದ್ದು, ಗಡ್ಡೆ ದೊಡ್ಡದಿತ್ತು, ಹೊಟ್ಟೆ ಕೊಯ್ದೇ ತೆಗೆದರು. ನಾನು ಮದುವೆಯಾದವಳಲ್ಲ. ಅಪ್ಪ ಅಮ್ಮ ಇಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅಡ್ಮಿಟ್ ಆಗುವ ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಸಹಿ ಹಾಕಲಿಕ್ಕೆ ಗಂಡಸರು ಯಾರು ಬಂದಿದ್ದಾರೆ?" ಆಸ್ಪತ್ರೆ ಯಾವುದೆಂದು ಬೇಡ, ಈಗ ಅಲ್ಲಿ ನನಗೆ ಜಗಳ ಇಲ್ಲ. ಆದರೆ ಆವತ್ತು ಫೈಲು ಹಿಡಿದು ನಿಂತಲ್ಲೇ ಕಾಲು ನಡುಗಿತ್ತು. ಬುದ್ಧಿ ನೆಟ್ಟಗಿರುವ ವಯಸ್ಕರ ಶಸ್ತ್ರಚಿಕಿತ್ಸೆಗೆ ಅವರದೇ ಒಪ್ಪಿಗೆ ಬೇಕು, ಮನೆಯವರ ಸಹಿ ಅದರ ಜಾಗದಲ್ಲಿ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆ ಪ್ರಕರಣವೂ ಗರ್ಭಕೋಶದ್ದೇ. ರೋಗಿಗೆ ಪ್ರಜ್ಞೆ ಇಲ್ಲದಾಗ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಇದನ್ನು ನಾನು ಓದಿಕೊಂಡೇ ಹೋಗಿದ್ದೆ, ಕೌಂಟರಿನಲ್ಲಿ ಬಾಯಿಗೆ ಬರಲಿಲ್ಲ ಅಷ್ಟೆ.

ಕೊನೆಗೆ ಪಕ್ಕದ ಮನೆಯ ಅಕ್ಕ ಬಂದು ನಿಂತರು. ಮೀನು ಮಾರುವವರು, ಮೂರು ದಿನದ ವ್ಯಾಪಾರ ಬಿಟ್ಟು ಬಂದರು. ಥಿಯೇಟರಿಗೆ ಹೋಗುವ ಮುಂಚೆ ಬಳೆ, ಕಿವಿಯದ್ದು ಎಲ್ಲ ತೆಗೀಬೇಕಲ್ಲ, ಬಳೆ ಸಾಬೂನು ಹಾಕಿದರೂ ಬರಲಿಲ್ಲ. ಅವರು ಅವರ ಕೈಗೆ ಹಚ್ಚಿಕೊಂಡಿದ್ದ ತೆಂಗಿನೆಣ್ಣೆಯನ್ನೇ ನನ್ನ ಕೈಗೆ ಒರೆಸಿ, ಹೆಬ್ಬೆರಳನ್ನು ಒಳಗೆ ಮಡಚಿ, ಮೀನು ಹಿಡಿದ ಹಾಗೆ ಹಿಡಿದು ಒಂದೇ ಎಳೆತಕ್ಕೆ ತೆಗೆದರು. ಬಳೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾಲ್ಕನೇ ದಿನ ಗಂಟು ಬಿಚ್ಚಿ ಕೊಟ್ಟಾಗ ಬಳೆಗೆ ಬಂಗುಡೆಯ ವಾಸನೆ. ಒಂದು ವಾರ ತೊಳೆಯಲಿಲ್ಲ ನಾನು.

ಅರಿವಳಿಕೆ ಕೊಡುವಾಗ ದೇವರ ಹೆಸರು ಹೇಳಿಕೊಳ್ಳಿ ಅಂದರು ಡಾಕ್ಟರು. ನನ್ನ ಬಾಯಿಗೆ ಬಂದದ್ದು ಹದಿನೇಳರ ಮಗ್ಗಿ. ಹದಿನೇಳ್ನಾಕ್ಲ ಅರವತ್ತೆಂಟು ತನಕ ನೆನಪುಂಟು. ಎಚ್ಚರ ಆದಾಗ ಮೊದಲು ಹೇಳಿದ್ದು "ಎಂಬತ್ತೈದು" ಅಂತೆ.


ನೈಟ್‌ಡ್ಯೂಟಿ | ಮಂಗಳೂರು | ಜುಲೈ 19, ಬೆಳಿಗ್ಗೆ 8.25

ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಬರೀತಿದ್ದೇನೆ. ಹೃದಯದ ಐಸಿಯುನಲ್ಲಿ ಒಂಬತ್ತು ವರ್ಷದ ನರ್ಸ್.

ಪಾಸ್‌ಬುಕ್ ಸರ್, ಉರುಳುವ ಮಾತು ಸದ್ಯ ಬೇಡವೇ ಬೇಡ. ಎದೆಮೂಳೆ ಸರಿಯಾಗಿ ಕೂಡಲಿಕ್ಕೆ ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ಬೀಡಿ ಸಿಗರೇಟು ಸೇದುತ್ತಿದ್ದರೆ ಇನ್ನೂ ತಡ. ಹರಕೆಯಿಂದ ತಡ ಆಗುವುದಿಲ್ಲ ಅಂತ ಮೇಡಮ್ಮಿಗೆ ನನ್ನ ಹೆಸರಲ್ಲಿ ಹೇಳಿ. ಅಂಗಳದಲ್ಲಿ ಪಾಚಿ ಇರುವ ಮಳೆಗಾಲ ಇದು, ನಡೆಯುವಾಗಲೇ ಜಾಗ್ರತೆ. ಎದೆಯಲ್ಲಿ ಕಟಕಟ ಸದ್ದಾದರೆ, ಗಾಯದಿಂದ ನೀರು ಒಸರಿದರೆ, ಜ್ವರ ಬಂದರೆ ಅದೇ ದಿನ ತೋರಿಸಿ.

ಕೆಮ್ಮುವಾಗ ದಿಂಬು ಅಪ್ಪಿಕೊಳ್ಳುತ್ತಿದ್ದೀರಾ? ಉಸಿರಿನ ವ್ಯಾಯಾಮದ ಆ ಮೂರು ಚೆಂಡಿನ ಆಟಿಕೆ ಇನ್ನೂ ಎಳೆಯುತ್ತಿದ್ದೀರಾ? ಮೊದಲ ಚೆಂಡು ಏಳಲಿಕ್ಕೆ ಸೆಕೆಂಡಿಗೆ 600 ಮಿಲಿಲೀಟರ್ ವೇಗದಲ್ಲಿ ಉಸಿರು ಎಳೀಬೇಕು, ಎರಡನೆಯದಕ್ಕೆ 900, ಮೂರನೆಯದಕ್ಕೆ 1200. ಎಲ್ಲರೂ ಊದುತ್ತಾರೆ ಮಾರಾಯ್ರೆ, ಎಳೆಯಿರಿ ಅಂತ ಹೇಳಿ ಹೇಳಿ ನನ್ನ ಗಂಟಲು ಬಿದ್ದಿದೆ. ಶ್ವಾಸಕೋಶದ ತಳದಲ್ಲಿ ಕಫ ನಿಂತು ನ್ಯುಮೋನಿಯಾ ಆಗದಿರಲಿ ಅಂತ ಅದನ್ನು ಕೊಡುವುದು.

ರಾತ್ರಿ ನಿದ್ದೆ ಇಲ್ಲದ್ದು, ಸಣ್ಣದಕ್ಕೂ ಕಣ್ಣು ತುಂಬುವುದು, ಎರಡೂ ಈ ಆಪರೇಷನ್ ಆದವರಲ್ಲಿ ತುಂಬಾ ಕಾಣುತ್ತೇವೆ. ಗಂಡಸರು ಹೇಳುವುದಿಲ್ಲ, ಅಷ್ಟೆ. ಎರಡು ವಾರಕ್ಕಿಂತ ಹೆಚ್ಚು ಮನಸ್ಸು ಹಾಗೇ ಕುಗ್ಗಿದ್ದರೆ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ.


ಪಾಸ್‌ಬುಕ್ | ಜುಲೈ 19, ಬೆಳಿಗ್ಗೆ 9.40

ಸಿಸ್ಟರ್, ಎರಡು ಚೆಂಡು ನಿಲ್ಲುತ್ತದೆ, ಮೂರನೆಯದು ಒಂದು ಹಾರು ಹಾರಿ ಕೂರುತ್ತದೆ. ಅಳುವ ವಿಷಯ ನಿಮಗೆ ಹೇಗೆ ಗೊತ್ತಾಯಿತು ಅಂತಲೇ ಆಶ್ಚರ್ಯ. ನಿನ್ನೆ ಟಿವಿಯಲ್ಲಿ ಪೇಂಟಿನ ಜಾಹೀರಾತು ನೋಡಿ ಅತ್ತೆ. ಪೇಂಟಿಗೆ!

ಮುಡಿಪು ಕಟ್ಟಿ ಆಯಿತು, ಒಂದೆಲಗ ಮೇಡಂ. ಹಳೆಯ ಐದು ರೂಪಾಯಿ ನಾಣ್ಯ. ಅವಳು ಇವತ್ತು ತಿಂಡಿ ತಿಂದಳು.


ಗುರುಪುರ_ಹೊಳೆ | ಮಂಗಳೂರು | ಜುಲೈ 19, ಮಧ್ಯಾಹ್ನ 1.15

ಯಾರ ನಂಬಿಕೆಯನ್ನೂ ನೋಯಿಸಲಿಕ್ಕೆ ಅಲ್ಲ, ಆದರೆ ಇಲ್ಲಿ ಒಂದು ಮಾತು ಬರಲೇಬೇಕು. ಬೈಪಾಸ್ ಆದವರ ಮೇಲೆಯೇ ಪ್ರಾರ್ಥನೆಯ ದೊಡ್ಡ ಪರೀಕ್ಷೆ ಅಮೆರಿಕದಲ್ಲಿ ನಡೆದಿದೆ. 2006ರಲ್ಲಿ ಅಮೆರಿಕನ್ ಹಾರ್ಟ್ ಜರ್ನಲ್‌ನಲ್ಲಿ ಬಂತು. ಆರು ಆಸ್ಪತ್ರೆ, 1802 ರೋಗಿಗಳು, ಮೂರು ಗುಂಪು. ಮೊದಲ ಎರಡು ಗುಂಪಿನವರಿಗೆ ತಮಗಾಗಿ ಪ್ರಾರ್ಥಿಸುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಅದರಲ್ಲಿ ಪ್ರಾರ್ಥನೆ ಸಿಕ್ಕವರಲ್ಲಿ ಶೇ. 52 ಮಂದಿಗೆ ಏನಾದರೊಂದು ತೊಡಕು, ಸಿಗದವರಲ್ಲಿ ಶೇ. 51. ಅಂದರೆ ವ್ಯತ್ಯಾಸ ಇಲ್ಲ. ಮೂರನೆಯ ಗುಂಪಿಗೆ "ನಿಮಗಾಗಿ ಖಂಡಿತ ಪ್ರಾರ್ಥಿಸುತ್ತೇವೆ" ಅಂತ ಹೇಳಿದ್ದರು. ಅವರಲ್ಲಿ ಶೇ. 59! ಇಷ್ಟು ಪ್ರಾರ್ಥನೆ ಬೇಕಾಗುವಷ್ಟು ನನ್ನ ಕತೆ ಕೆಟ್ಟಿದೆಯಾ ಅಂತ ಅವರು ಹೆದರಿರಬಹುದು ಅಂತ ಒಂದು ಊಹೆ.

ನಿಮ್ಮನ್ನು ಉಳಿಸಿದ್ದು ಸರ್ಜನ್ನು, ಅರಿವಳಿಕೆಯವರು, ಈ ನೈಟ್‌ಡ್ಯೂಟಿ ಸಿಸ್ಟರಂಥವರು. ಮುಡಿಪು ಕಟ್ಟುವಾಗ ಅವರನ್ನೂ ನೆನೆಯಿರಿ.


ಪಾಸ್‌ಬುಕ್ | ಜುಲೈ 19, ಮಧ್ಯಾಹ್ನ 3.30

ಗುರುಪುರದವರೇ, ನೀವು ಹೇಳಿದ್ದನ್ನು ಮಗಳಿಗೆ ಕಳಿಸಿ ಹುಡುಕಿಸಿ ಓದಿದೆ. ಒಂದು ತಮಾಷೆ ನೋಡಿ: ಪ್ರಾರ್ಥಿಸಿದವರು ಯಾರೋ ದೂರದ ಅಪರಿಚಿತರು. ಅವರ ಕೈಗೆ ಕೊಟ್ಟದ್ದು ರೋಗಿಯ ಹೆಸರು, ಅಡ್ಡಹೆಸರಿನ ಒಂದಕ್ಷರ, ಇಷ್ಟೇ. ಇನಿಷಿಯಲ್ ನೋಡಿ ಚೆಕ್ ಪಾಸ್ ಮಾಡಿದ ಹಾಗೆ! ನಮ್ಮಲ್ಲಿ ಹತ್ತು ರೂಪಾಯಿಯ ಅರ್ಚನೆಗೂ ನಕ್ಷತ್ರ, ರಾಶಿ ಕೇಳಿ ಬರೆದುಕೊಳ್ಳುತ್ತಾರೆ. ಕೆವೈಸಿ ಇಲ್ಲದೆ ದೇವರ ಕೌಂಟರಿನಲ್ಲೂ ಕೆಲಸ ಆಗುವುದಿಲ್ಲ.

ತಮಾಷೆ ಬಿಡಿ. ನಿಮ್ಮ ಲೆಕ್ಕವನ್ನು ಒಪ್ಪುತ್ತೇನೆ, ಸರ್ಜನ್ ಇಲ್ಲದಿದ್ದರೆ ನಾನಿಲ್ಲ. ನನಗೆ ಆದದ್ದು ಮಾತ್ರ ಹೇಳುತ್ತೇನೆ. ಐಸಿಯುನಲ್ಲಿ ಎಚ್ಚರ ಆದಾಗ ಬಾಯಲ್ಲಿ ನಳಿಕೆ, ಮಾತಿಲ್ಲ, ಕೈ ಕಟ್ಟಿದ್ದಾರೆ, ಗೋಡೆಯ ಗಡಿಯಾರ ನಾಲ್ಕು ಗಂಟೆ ತೋರಿಸುತ್ತದೆ. ಬೆಳಗಿನ ನಾಲ್ಕೋ ಸಂಜೆಯ ನಾಲ್ಕೋ ಗೊತ್ತಿಲ್ಲ. ಆಗ ನನಗೆ ದೇವರ ನೆನಪು ಬರಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಹಣೆಯಲ್ಲಿ ಏನೋ ತಣ್ಣಗೆ ಒಣಗಿ ಹಿಡಿದಿರುವುದು ಗೊತ್ತಾಯಿತು. ಗಂಧ. ಯಾರೋ ಒಳಗೆ ಬಂದು ಹಚ್ಚಿ ಹೋಗಿದ್ದಾರೆ. ಅಂದರೆ ಹೊರಗೆ ಜನ ಇದ್ದಾರೆ, ಮಳೆಯಲ್ಲಿ ಬಸ್ಸು ಹಿಡಿದು ದೇವಸ್ಥಾನಕ್ಕೆ ಹೋಗಿ ಬಂದಿದ್ದಾರೆ. ಆ ಗಂಧ ಚರ್ಮವನ್ನು ಎಳೆಯುತ್ತಿದ್ದಷ್ಟು ಹೊತ್ತು ನಾನು ಒಬ್ಬನೇ ಅನ್ನಿಸಲಿಲ್ಲ.

ತಂದವನು ಯಾರು ಅಂತ ಗೊತ್ತಾದದ್ದು ಮೂರನೇ ದಿನ. ನನ್ನ ತಮ್ಮ. ಅವನಿಗೂ ನನಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಪಾಲಿನಲ್ಲಿ ಅಡಿಕೆ ತೋಟದ ಬಾವಿ ಯಾರಿಗೆ ಅಂತ ಕೇಸು ನಡೆಯುತ್ತಾ ಉಂಟು.


ಮಲ್ಪೆ44 | ಉಡುಪಿ | ಜುಲೈ 19, ರಾತ್ರಿ 9.05

ಬಾವಿಯ ಕತೆ ಆಮೇಲೆ ಪೂರ್ತಿ ಹೇಳಬೇಕು ನೀವು.

ನಮ್ಮಪ್ಪನದ್ದು ಹೇಳುತ್ತೇನೆ. 78 ವರ್ಷ, ಅಂಗಳದ ಪಾಚಿಯಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆಪರೇಷನ್. ಎರಡನೇ ರಾತ್ರಿ ಶುರುವಾಯಿತು ನೋಡಿ. ದೋಣಿ ಮಗುಚುತ್ತದೆ, ಬಲೆ ಎಳೀರಿ ಅಂತ ಬೊಬ್ಬೆ. ಡ್ರಿಪ್ಸ್ ಕಿತ್ತು ಹಾಕಿದರು. ನನ್ನನ್ನೇ "ನೀನು ಯಾರು" ಅಂದರು. ಚಿಕ್ಕಪ್ಪ, ಸೋದರತ್ತೆ ಎಲ್ಲ ಸೇರಿ ಇದು ಯಾವುದೋ ಉಪದ್ರವೇ, ಪ್ರಶ್ನೆ ಇಡಿಸುವ ಅಂತ ಜೋಯಿಸರಿಗೆ ಫೋನು ಹಚ್ಚಿಯೂ ಆಗಿತ್ತು.

ಆ ಹೊತ್ತಿಗೆ ನೆಲ ಒರೆಸುವ ಆಯಾ ಬಂದರು. ವಾರ್ಡಿನ ಸಿಸ್ಟರುಗಳು ಕೇರಳದವರು, ಪಾಪ ಹಿಂದಿಯಲ್ಲಿ, ಹರಕು ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ಅಪ್ಪನಿಗೆ ತುಳು ಬಿಟ್ಟರೆ ಬೇರೆ ಕಿವಿಗೇ ಹೋಗುವುದಿಲ್ಲ. ಆಯಾ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಅಪ್ಪನ ಭುಜ ಹಿಡಿದು ಗಟ್ಟಿಯಾಗಿ, "ಪೋಡ್ಯೊಡ್ಚಿ, ಯಾನುಲ್ಲೆ" ಅಂದರು. ತುಳು ಗೊತ್ತಿಲ್ಲದವರಿಗೆ: ಹೆದರಬೇಡಿ, ನಾನಿದ್ದೇನೆ. ಕೋಲದಲ್ಲಿ ದೈವ ಕೊಡುವ ಅಭಯವೂ ಇದೇ ಮಾತು. ಅಪ್ಪ ತಟ್ಟನೆ ಸುಮ್ಮನಾಗಿ ಎರಡೂ ಕೈ ಮುಗಿದರು. ಆಯಾ ನಕ್ಕು, "ಇವರ ಕನ್ನಡಕ ಎಲ್ಲಿ? ಕಿವಿಯ ಮೆಷಿನ್ ಎಲ್ಲಿ?" ಅಂತ ನಮ್ಮನ್ನು ಗದರಿಸಿದರು. ಎರಡನ್ನೂ ಕಳೆದುಹೋದೀತು ಅಂತ ನಾವು ಚೀಲದ ತಳದಲ್ಲಿ ಜೋಪಾನ ಮಾಡಿದ್ದೆವು. ಕಣ್ಣು ಕಾಣದ, ಕಿವಿ ಕೇಳದ ಮನುಷ್ಯನನ್ನು ಕತ್ತಲೆ ವಾರ್ಡಿನಲ್ಲಿ ಮಲಗಿಸಿ, ಯಾಕೆ ಹೆದರುತ್ತೀರಿ ಅಂತ ಕೇಳುತ್ತಿದ್ದೆವು ನಾವು.


ನೈಟ್‌ಡ್ಯೂಟಿ | ಜುಲೈ 20, ಬೆಳಿಗ್ಗೆ 8.30

ಆ ಆಯಾನಿಗೆ ನನ್ನ ನಮಸ್ಕಾರ. ಇದಕ್ಕೆ ನಾವು ಡೆಲಿರಿಯಂ ಅನ್ನುತ್ತೇವೆ. ವಯಸ್ಸಾದವರಲ್ಲಿ ದೊಡ್ಡ ಆಪರೇಷನ್ ಆದ ಮೇಲೆ ತುಂಬಾ ಸಾಮಾನ್ಯ, ಸೊಂಟ ಮುರಿದವರಲ್ಲಂತೂ ಹೇಳುವುದೇ ಬೇಡ. ಹುಚ್ಚಲ್ಲ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಸೋಂಕು, ನೋವು, ಮೂತ್ರ ಕಟ್ಟುವುದು, ಉಪ್ಪಿನಂಶ ಏರುಪೇರಾಗುವುದು, ಕೆಲವು ಮದ್ದುಗಳು, ಏನೂ ಕಾರಣ ಇರಬಹುದು, ಆದ್ದರಿಂದ ಡಾಕ್ಟರಿಗೆ ತಕ್ಷಣ ಹೇಳಲೇಬೇಕು. ಅದರ ಜತೆಗೆ ಗುರುತಿನ ಧ್ವನಿ, ಕನ್ನಡಕ, ಕಿವಿಯ ಮೆಷಿನ್, ಹಗಲು ಬೆಳಕು, ರಾತ್ರಿ ನಿದ್ದೆ. ಇದಕ್ಕೆ ಸಮನಾದ ಇಂಜೆಕ್ಷನ್ ನನ್ನ ಟ್ರೇಯಲ್ಲಿ ಇಲ್ಲ.


ಕಂಕನಾಡಿ_ಕೊಡೆ | ಮಂಗಳೂರು | ಜುಲೈ 20, ಸಂಜೆ 5.45

ನಮ್ಮಮ್ಮನ ಕತೆ ಉಲ್ಟಾ. ಕರುಳಿನ ಆಪರೇಷನ್‌ಗೆ ಮುಂಚಿನ ದಿನ ಚರ್ಚಿನ ಪಾದ್ರಿಯನ್ನು ನಾನೇ ಕರೆಸಿದ್ದೆ. ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡುವ ಸಂಸ್ಕಾರ. ಅಮ್ಮನ ಕಾಲದಲ್ಲಿ ಅದನ್ನು ಸಾಯುವವರಿಗೆ ಮಾತ್ರ ಕೊಡುತ್ತಿದ್ದದ್ದು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಅದು ಕಾಯಿಲೆಯವರ ಸಂಸ್ಕಾರ ಆಯಿತು, ಈ ಸುದ್ದಿ ಅಮ್ಮನವರೆಗೆ ಬಂದಿರಲಿಲ್ಲ. ಎಣ್ಣೆಯ ಕುಪ್ಪಿ ನೋಡಿದವರೇ, "ಡಾಕ್ಟರು ನಿನ್ನ ಹತ್ತಿರ ಏನು ಹೇಳಿದ್ದಾರೆ, ಸತ್ಯ ಹೇಳು" ಅಂತ ನನ್ನ ರಟ್ಟೆ ಹಿಡಿದರು. ಬಿಪಿ 190. ಆಪರೇಷನ್ ಒಂದು ದಿನ ಮುಂದೆ ಹೋಯಿತು. ಗುರುಪುರದವರು ಹೇಳಿದ ಆ 59ರ ಗುಂಪಿಗೆ ನಮ್ಮಮ್ಮನನ್ನೂ ಸೇರಿಸಬಹುದು.

ಆಪರೇಷನ್ ಆದ ಮೇಲೆ ಮಾತ್ರ ಅದೇ ಪಾದ್ರಿ ದಿನಾ ಬಂದು ಸುಮ್ಮನೆ ಕೂರುತ್ತಿದ್ದರು. ಜಪಮಾಲೆ ಮುಗಿಸಿ ಮೀನಿನ ರೇಟಿನ ಬಗ್ಗೆ ಮಾತಾಡುತ್ತಿದ್ದರು. ಅಮ್ಮನಿಗೆ ಅದೇ ಬೇಕಾಗಿತ್ತು. ನಮ್ಮ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ 1880ರಲ್ಲಿ ಶುರುವಾದದ್ದೇ ಹೀಗಲ್ವಾ, ಒಬ್ಬ ಜೆಸ್ವಿಟ್ ಪಾದ್ರಿ ಆಲದ ಮರದಡಿ ಕೂತು ಹೋಮಿಯೋಪತಿ ಮದ್ದು ಕೊಡುತ್ತಾ. ಪಾಸ್‌ಬುಕ್ ಅಣ್ಣ, ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.


ದುಬೈ_ಶಿಫ್ಟ್ | ಜುಲೈ 20, ರಾತ್ರಿ 11.20

ಎರಡು ದಿನದಿಂದ ಓದುತ್ತಾ ಇದ್ದೇನೆ. ನನ್ನ ಅಪ್ಪನಿಗೂ ಮುಂದಿನ ತಿಂಗಳು ಇದೇ ಆಪರೇಷನ್, ಮಂಗಳೂರಿನಲ್ಲೇ. ರಜೆ ಸಿಗುವುದು ಆರೇ ದಿನ. ಆಪರೇಷನ್ ದಿನಕ್ಕೆ ಬರುವುದಾ, ಮನೆಗೆ ಬಂದ ಮೇಲೆ ಬರುವುದಾ? ಒಬ್ಬನೇ ಮಗ. ಆ ದಿನ ಇಲ್ಲದಿದ್ದರೆ ಊರಿನವರು ಏನಂತಾರೆ ಅನ್ನುವುದೂ ಉಂಟು.


ಉಳ್ಳಾಲ_ಬ್ರಿಜ್ಜು | ಜುಲೈ 20, ರಾತ್ರಿ 11.50

ಊರಿನವರು ಬಂದೂ ಅನ್ನುತ್ತಾರೆ, ಬರದೆಯೂ ಅನ್ನುತ್ತಾರೆ ತಮ್ಮ. ಅಣ್ಣನಿಗೆ ಆದಾಗ ಐಸಿಯು ಹೊರಗೆ ನಾವು ಹದಿನಾಲ್ಕು ಜನ ಇದ್ದೆವು. ಒಳಗೆ ಬಿಟ್ಟದ್ದು ಒಬ್ಬರನ್ನು, ಐದು ನಿಮಿಷ. ಉಮ್ಮ ಬೆಂಚಿನಲ್ಲಿ ಕೂತು ಕುರಾನಿನ ಯಾಸೀನ್ ಅಧ್ಯಾಯ ಓದುತ್ತಾ ಇದ್ದರು, ನಾವು ಹದಿಮೂರು ಜನ ಚಾ ಕುಡಿಯುತ್ತಾ ಇದ್ದೆವು. ಎರಡನೇ ವಾರಕ್ಕೆ ಮನೆಯಲ್ಲಿ ಅಣ್ಣನನ್ನು ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋಗಲಿಕ್ಕೆ ಅತ್ತಿಗೆ ಒಬ್ಬರೇ. ನೀನು ಮನೆಗೆ ಬಂದ ಮೇಲೆ ಬಾ. ದುಡ್ಡಿನ ವಿಷಯ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು, ಅಡ್ಮಿಟ್ ಆಗುವ ಮುಂಚೆಯೇ ವಿಚಾರಿಸು. ರಕ್ತ ಬೇಕಾದರೆ ಇಲ್ಲಿ ಬರೆ, ಹುಡುಗರನ್ನು ಕಳಿಸುತ್ತೇನೆ. ಕೊಟ್ಟು 90 ದಿನ ಆದವರನ್ನೇ.


ಪಾಸ್‌ಬುಕ್ | ಜುಲೈ 21, ರಾತ್ರಿ 3.15

ಉಳ್ಳಾಲದವರು ಹೇಳಿದ್ದು ನೂರಕ್ಕೆ ನೂರು. ಮೊದಲ ವಾರ ಸೇಬು ಹಣ್ಣಿನ ಅಂಗಡಿ ಇಡುವಷ್ಟು ಜನ. ಈಗ ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಗೋಡೆಯ ಹಲ್ಲಿ ಮತ್ತು ನಾನು.

ರಕ್ತ ಅಂದಾಗ ನೆನಪಾಯಿತು, ಬಾವಿಯ ಕತೆಗೆ ಬರುತ್ತೇನೆ. ತಮ್ಮನಿಗೆ ಸುದ್ದಿ ಕೊಟ್ಟದ್ದು ನನ್ನ ಹೆಂಡತಿ, ನನಗೆ ಹೇಳದೆ. ಅವನು ಅದೇ ರಾತ್ರಿ ಬಂದಿದ್ದಾನೆ. ನನ್ನ ಕಣ್ಣಿಗೆ ಬಿದ್ದರೆ ನನ್ನ ಬಿಪಿ ಏರೀತು ಅಂತ ವಾರ್ಡಿನೊಳಗೆ ಬರದೆ, ಕೆಳಗೆ ಪಾರ್ಕಿಂಗಿನಲ್ಲಿ ಅವನ ಓಮ್ನಿಯಲ್ಲೇ ಮಲಗಿದ್ದಾನೆ. ರಕ್ತ ಕೊಟ್ಟಿದ್ದಾನೆ. ನಾನು ಐಸಿಯುನಲ್ಲಿ ಎಚ್ಚರ ಇಲ್ಲದಾಗ ಒಳಗೆ ಬಂದು ಗಂಧ ಹಚ್ಚಿ ಹೋಗಿದ್ದಾನೆ. ಮೂರನೇ ದಿನ ವಾರ್ಡಿನಲ್ಲಿ ಗಂಜಿ ತಂದಾಗ ಸಿಕ್ಕಿಬಿದ್ದ. ಕುಚ್ಚಲಕ್ಕಿ ಗಂಜಿಯ ತಿಳಿ, ಉಪ್ಪು ಇಲ್ಲದೆ. ಇಬ್ಬರಿಗೂ ಏನು ಮಾತಾಡುವುದು ಗೊತ್ತಾಗಲಿಲ್ಲ. "ಬಿಸಿ ಉಂಟು" ಅಂದ. "ಹ್ಞೂಂ" ಅಂದೆ. ಹನ್ನೊಂದು ವರ್ಷದ ಮೇಲಿನ ಮಾತುಕತೆ ಇಷ್ಟು.

ಈಗ ನನ್ನ ಮೈಯಲ್ಲಿ ಓಡುವುದು ತಮ್ಮನ ರಕ್ತ ಅಂತ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.


ನೈಟ್‌ಡ್ಯೂಟಿ | ಜುಲೈ 21, ಬೆಳಿಗ್ಗೆ 8.40

ಕತೆ ಹಾಳು ಮಾಡುತ್ತೇನೆ ಸರ್, ಕ್ಷಮಿಸಿ. ಹತ್ತಿರದ ಸಂಬಂಧಿ ಕೊಟ್ಟ ರಕ್ತವನ್ನು ಸಾಮಾನ್ಯವಾಗಿ ಅದೇ ರೋಗಿಗೆ ಹಾಕುವುದಿಲ್ಲ. ಅದು ರಕ್ತನಿಧಿಗೆ ಹೋಗುತ್ತದೆ, ನಿಮಗೆ ಹೊಂದುವ ಬೇರೆ ಯಾರದೋ ಬಾಟಲಿ ನಿಮಗೆ ಬರುತ್ತದೆ.


ಪಾಸ್‌ಬುಕ್ | ಜುಲೈ 21, ಬೆಳಿಗ್ಗೆ 10.00

ಇದು ನನಗೆ ಅರ್ಥ ಆಗದಿದ್ದರೆ ಯಾರಿಗೆ ಆಗಬೇಕು ಸಿಸ್ಟರ್? ಡಿಪಾಸಿಟ್ ಇಟ್ಟ ನೋಟೇ ವಾಪಸು ಬರುತ್ತದಾ? ಆದರೂ ಖಾತೆಗೆ ಜಮೆ ಮಾಡಿದವನು ಅವನೇ ತಾನೆ. ಹೆಂಡತಿಗೆ ಹೇಳಲಿಕ್ಕೆ ಹೋಗುವುದಿಲ್ಲ.

ಇನ್ನೊಂದು ಕೇಳಲಿಕ್ಕಿತ್ತು. ಆಟಿ ಅಮಾವಾಸ್ಯೆ ಬರುತ್ತಾ ಉಂಟು. ಹಾಲೆಮರದ ಕೆತ್ತೆ (ತೊಗಟೆ) ಕಷಾಯ ಒಂದು ಲೋಟ ಕುಡಿದರೆ ವರ್ಷದ ಕಾಯಿಲೆ ಹೋಗುತ್ತದೆ ಅಂತ ಅತ್ತೆಯವರು ಹಟ ಹಿಡಿದಿದ್ದಾರೆ.


ನೈಟ್‌ಡ್ಯೂಟಿ | ಜುಲೈ 21, ಬೆಳಿಗ್ಗೆ 10.05

ಈ ವರ್ಷ ಬೇಡ. ರಕ್ತ ತೆಳುವಾಗಿಸುವ ಮಾತ್ರೆ, ಬಿಪಿ ಮಾತ್ರೆ ಎಲ್ಲ ನಡೆಯುವಾಗ ಅಂದಾಜಿನ ಕಷಾಯ ಬೇಡವೇ ಬೇಡ. ಮೇಲಿಂದ ಕತ್ತಲೆಯಲ್ಲಿ ಕೆತ್ತೆ ತರಲಿಕ್ಕೆ ಹೋದವರು ತಪ್ಪಿ ಕಾಸರಕದ ಮರದ ಕೆತ್ತೆಯನ್ನು ಕಲ್ಲಿನಲ್ಲಿ ಜಜ್ಜಿ ತಂದಾರು, ಅದು ಶುದ್ಧ ವಿಷ. ಅತ್ತೆಯವರಿಗೆ ಮೆಂತೆ ಗಂಜಿ ಮಾಡಲಿಕ್ಕೆ ಹೇಳಿ, ಸಿಹಿ ಕಡಿಮೆ.


ಪಡುವಣ | ಕುಂದಾಪುರ ಕಡೆ | ಜುಲೈ 21, ರಾತ್ರಿ 8.15

ಎಲ್ಲರದ್ದೂ ಗುಣವಾದ ಕತೆಗಳು. ನಾವು ಆನೆಗುಡ್ಡೆ ವಿನಾಯಕನಿಗೆ ತುಲಾಭಾರ ಹೇಳಿಕೊಂಡಿದ್ದೆವು, ಅವಳ ತೂಕದ ಬೆಲ್ಲ. 46 ಕೆಜಿ. ಅವಳು ಥಿಯೇಟರಿನಿಂದ ಬರಲಿಲ್ಲ. ನಮ್ಮ ನಂಬಿಕೆ ಸಾಕಾಗಲಿಲ್ಲವಾ ಅಂತ ಕೇಳಿದವರೂ ಇದ್ದಾರೆ, ನನ್ನ ಮುಖಕ್ಕೇ. ಇದನ್ನು ಓದುವವರು ಯಾರಿಗೂ ಆ ಮಾತು ಆಡಬೇಡಿ.


ಒಂದೆಲಗ | ಜುಲೈ 21, ರಾತ್ರಿ 8.40

ಅಣ್ಣ, ಓದಿದೆ. ಏನು ಬರೆಯಬೇಕು ಅಂತ ಗೊತ್ತಾಗುತ್ತಿಲ್ಲ. ಆ ಮಾತು ಆಡಿದವರಿಗೆ ನಾಚಿಕೆ ಆಗಬೇಕು. ನಾನಿರುವುದು ಉಡುಪಿಯಲ್ಲಿ, ದೂರ ಏನಲ್ಲ. ಮಾತಾಡಬೇಕು ಅನಿಸಿದರೆ ಒಳಪೆಟ್ಟಿಗೆಗೆ ಬರೆಯಿರಿ.


ಗುರುಪುರ_ಹೊಳೆ | ಜುಲೈ 21, ರಾತ್ರಿ 9.30

ಪಡುವಣ ಅವರೇ, ನಿಮ್ಮ ಮುಂದೆ ಅಂಕಿ ಸಂಖ್ಯೆ ಹೇಳಿದ್ದಕ್ಕೆ ನನಗೆ ಸಂಕೋಚ ಆಗುತ್ತಿದೆ. ಆದರೆ ಆ ಅಂಕಿಗಳಲ್ಲಿ ನಿಮಗೆ ಬೇಕಾದ ಒಂದು ಮಾತಿದೆ: ಬದುಕುವುದು, ಬದುಕದಿರುವುದು ಯಾರು ಎಷ್ಟು ಗಟ್ಟಿಯಾಗಿ ಬೇಡಿಕೊಂಡರು ಅನ್ನುವುದರ ಮೇಲೆ ನಿಂತಿಲ್ಲ. ನಿಮ್ಮ ಕಡೆಯಿಂದ ಏನೂ ಕಡಿಮೆ ಆಗಿಲ್ಲ.


ಪಡುವಣ | ಜುಲೈ 21, ರಾತ್ರಿ 10.10

ಹ್ಞೂಂ. ಬೆಲ್ಲ ಆಮೇಲೆ ಒಪ್ಪಿಸಿ ಬಂದೆ. ಯಾಕೆ ಅಂತ ಕೇಳಬೇಡಿ.


ಪಾಸ್‌ಬುಕ್ | ಸೆಪ್ಟೆಂಬರ್ 14, ಸಂಜೆ 6.30

ತುಂಬಾ ಜನ ಕೇಳಿದ್ದರು, ಅದಕ್ಕೆ ಬರೆಯುತ್ತಿದ್ದೇನೆ. ಹದಿಮೂರು ವಾರ ಆಯಿತು. ಚೆಕಪ್ ಆಯಿತು, ಮೂಳೆ ಕೂಡಿದೆ ಅಂದರು. ಉರುಳಬಹುದಾ ಅಂತ ಕೇಳಿದ್ದಕ್ಕೆ ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು, ಉತ್ತರ ಕೊಡಲಿಲ್ಲ.

ದೇವಸ್ಥಾನದಲ್ಲಿ ಅರ್ಚಕರನ್ನು ಕೇಳಿದೆವು. ಒಂದು ತಪ್ಪು ಕಾಣಿಕೆ ಹಾಕಿ, ನಿಮ್ಮ ಪರವಾಗಿ ಮನೆಯವರು ಯಾರಾದರೂ ಮಾಡಲಿ, ನೀವು ಜತೆಗೆ ನಡೆಯಿರಿ ಅಂದರು. ಹೆಂಡತಿ ಸೆರಗು ಸಿಕ್ಕಿಸಿ ತಯಾರಾದಳು. ಅಷ್ಟರಲ್ಲಿ ತಮ್ಮ ಕೆರೆಯಲ್ಲಿ ಮುಳುಗಿ ಒದ್ದೆ ಪಂಚೆಯಲ್ಲಿ ಬಂದು, ಯಾರನ್ನೂ ಕೇಳದೆ ಧ್ವಜಸ್ತಂಭದ ಎದುರು ಅಡ್ಡ ಬಿದ್ದ. ಅವನಿಗೆ 56. ಹೊಟ್ಟೆ ನನಗಿಂತ ದೊಡ್ಡದು. ಮೊದಲ ಮೂಲೆಯಲ್ಲೇ ದಿಕ್ಕು ತಪ್ಪಿ ಗೋಡೆಯ ಕಡೆ ಹೋದ, ಅವನ ಮಗ ಕಾಲು ಹಿಡಿದು ಸರಿ ಮಾಡಿದ. ಕಲ್ಲು ಒದ್ದೆ, ಮೊಣಕೈ ತರಚಿತು. ನಾನು ಪಕ್ಕದಲ್ಲಿ ಕೊಡೆ ಹಿಡಿದುಕೊಂಡು ನಡೆದೆ, ಇನ್ನೊಂದು ಕಂಕುಳಲ್ಲಿ ಆಸ್ಪತ್ರೆಯ ಆ ದಿಂಬು. ಕೆಮ್ಮು ಬಂದರೆ ಇರಲಿ ಅಂತ. ಒಂದು ಸುತ್ತು ಮುಗಿಯುವಾಗ ಅವನಿಗೆ ತಲೆ ತಿರುಗಿ ಎದ್ದು ನಿಲ್ಲಲಿಕ್ಕೆ ಆಗಲಿಲ್ಲ. ನನಗೆ ಎತ್ತುವ ಹಾಗಿಲ್ಲ. ದಿಂಬು ಕೊಟ್ಟೆ, ತಲೆಯಡಿಗೆ ಇಟ್ಟುಕೊಂಡು ಅಲ್ಲೇ ಸ್ವಲ್ಪ ಹೊತ್ತು ಮಲಗಿದ.

ಮುಡಿಪಿನ ನಾಣ್ಯ ಹುಂಡಿಗೆ ಹಾಕಿ ಬಂದೆವು. ಊಟಕ್ಕೆ ನಮ್ಮಲ್ಲಿಗೇ ಬಂದ.


ಮಲ್ಪೆ44 | ಸೆಪ್ಟೆಂಬರ್ 14, ಸಂಜೆ 7.05

ಮತ್ತೆ ಬಾವಿ?


ಪಾಸ್‌ಬುಕ್ | ಸೆಪ್ಟೆಂಬರ್ 14, ಸಂಜೆ 7.20

ಬಾವಿ ಇದ್ದಲ್ಲೇ ಉಂಟು. ಹಿಯರಿಂಗ್ ನವೆಂಬರಿಗೆ ಹೋಗಿದೆ. ಇಬ್ಬರೂ ಅವನ ಓಮ್ನಿಯಲ್ಲೇ ಹೋಗುವುದು ಅಂತ ಆಗಿದೆ, ನನಗೆ ಇನ್ನೂ ಡ್ರೈವಿಂಗ್ ಧೈರ್ಯ ಇಲ್ಲ.


ನೈಟ್‌ಡ್ಯೂಟಿ | ಸೆಪ್ಟೆಂಬರ್ 15, ಬೆಳಿಗ್ಗೆ 8.20

ಮೂರನೇ ಚೆಂಡು?


ಪಾಸ್‌ಬುಕ್ | ಸೆಪ್ಟೆಂಬರ್ 15, ಬೆಳಿಗ್ಗೆ 8.55

ನಿಲ್ಲುತ್ತದೆ ಸಿಸ್ಟರ್. ಮೊಮ್ಮಗ ಎಣಿಸಿದ, ನಾಲ್ಕು ಸೆಕೆಂಡು.